ಕಣಿವೆ ದಾಟುವ ಗರಸಿನ ದಾರಿ

(ನೀಲಗುಂದದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಸೈಕಲ್ ಎಂಬುದು ಈ ಸೀಮೆಗೆ ಹೊಸದಲ್ಲ. ಹಾಲಿನ ಕ್ಯಾನು, ಮೇವಿನ ಹೊರೆ, ಶಾಲೆಯ ಚೀಲ ಎಲ್ಲವೂ ಅದರ ಮೇಲೆ ಸಾಗಿವೆ. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಣೆಯನ್ನು ಆರಂಭಿಸಿತು. ಕೋವಿಡ್ ಕಾಲದಲ್ಲಿ ಆ ಯೋಜನೆ ನಿಂತುಹೋಗುವವರೆಗೆ ಹಳ್ಳಿಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗಿಬರಲು ಅದು ದೊಡ್ಡ ಆಸರೆಯಾಗಿತ್ತು. ಆದರೆ ಸೈಕಲ್ ಬಯಲಿನ ವಾಹನ, ಬೆಟ್ಟದ ದಾರಿ ಅದಕ್ಕಲ್ಲ ಎಂಬ ಭಾವನೆ ಇಂದಿಗೂ ಬಲವಾಗಿದೆ. ಡಾಂಬರಿಲ್ಲದ ಗರಸಿನ ದಾರಿಯಲ್ಲಿ ಸೈಕಲ್ ತುಳಿದು ಬೆಟ್ಟಸಾಲೊಂದನ್ನು ದಾಟಿ, ಇನ್ನೊಂದು ಬದಿಯಿಂದ ಸುತ್ತಿ ಮರಳಿ ಬರುವುದು ಸಾಧ್ಯವೇ, ಅದರಿಂದ ಬೆಟ್ಟಕ್ಕೂ ಬೆಟ್ಟದ ಜನರಿಗೂ ಆಗುವ ಪ್ರಯೋಜನವೇನು ಎಂಬುದು ಇಂದಿನ ವಿಷಯ.

ಜಗತ್ತಿನ ಬೇರೆಡೆಗಳಲ್ಲಿ ಇದು ಹೊಸ ಸಂಗತಿಯಲ್ಲ. ಫ್ರಾನ್ಸ್ ದೇಶದ ಪ್ರಸಿದ್ಧ ಸೈಕಲ್ ಪಂದ್ಯವು 1910ರ ಜುಲೈ 21ರಂದು ಪಿರೆನೀಸ್ ಪರ್ವತದ ಟೂರ್ಮಲೆ ಎಂಬ ಎತ್ತರದ ಕಣಿವೆಯನ್ನು ಮೊದಲ ಬಾರಿಗೆ ದಾಟಿತು. ಅಂದಿನ ದಾರಿ ಬರೀ ಮಣ್ಣು ಮತ್ತು ಕಲ್ಲು. ಸೈಕಲ್ಲಿಗೆ ಇಂದಿನಂತೆ ಗೇರುಗಳಿರಲಿಲ್ಲ. ನುರಿತ ಸವಾರರೇ ಹಲವೆಡೆ ಕೆಳಗಿಳಿದು ಸೈಕಲ್ಲನ್ನು ತಳ್ಳಿಕೊಂಡು ನಡೆದರು. ಕಾಲಾನಂತರ ಯುರೋಪಿನ ಬಹುತೇಕ ಪರ್ವತದಾರಿಗಳು ಡಾಂಬರು ಕಂಡವು. ಆದರೆ ಇಟಲಿಯ ಆಲ್ಪ್ಸ್ ಪರ್ವತದಲ್ಲಿ ಕೊಲ್ಲೆ ದೆಲ್ಲೆ ಫಿನೆಸ್ಟ್ರೆ ಎಂಬ ದಾರಿಯೊಂದಿದೆ. ಸೂಸಾ ಪಟ್ಟಣದ ಕಡೆಯಿಂದ 18.5 ಕಿಲೋಮೀಟರ್ ಉದ್ದಕ್ಕೆ ಏರುವ ಈ ದಾರಿ ಸಮುದ್ರಮಟ್ಟದಿಂದ 2,178 ಮೀಟರ್ ಎತ್ತರವನ್ನು ಮುಟ್ಟುತ್ತದೆ. ಅದರ ಕೊನೆಯ ಸುಮಾರು ಎಂಟು ಕಿಲೋಮೀಟರಿಗೆ ಇಂದಿಗೂ ಡಾಂಬರಿಲ್ಲ. ಇಟಲಿಯ ಮಹಾಪಂದ್ಯವಾದ ಜಿರೋ 2005ರಲ್ಲಿ ಮೊದಲ ಬಾರಿಗೆ ಈ ದಾರಿಯನ್ನು ಹಿಡಿಯಿತು. 2018ರಲ್ಲಿ ಇದೇ ಏರಿನಲ್ಲಿ ಬಸವಳಿದು ಅಗ್ರಸ್ಥಾನವನ್ನು ಕಳೆದುಕೊಂಡ ಬ್ರಿಟನ್ನಿನ ಸೈಮನ್ ಯೇಟ್ಸ್, ಏಳು ವರ್ಷಗಳ ನಂತರ, 2025ರಲ್ಲಿ, ಇದೇ ಏರಿನಲ್ಲಿ ಮುಂದೆ ಸಾಗಿ ಇಡೀ ಪಂದ್ಯವನ್ನು ಗೆದ್ದರು.

ಗಮನಿಸಬೇಕಾದುದು ಪಂದ್ಯವನ್ನಲ್ಲ, ದಾರಿಯನ್ನು. ಹಣವಿಲ್ಲದೆ ಆ ದಾರಿ ಗರಸಾಗಿ ಉಳಿದಿಲ್ಲ. ಗರಸಾಗಿದ್ದರೂ ಅದು ಕೊಚ್ಚಿಹೋಗದೆ ನಿಂತಿದೆ. ಡಾಂಬರಿಲ್ಲದ ದಾರಿಯೆಂದರೆ ಹಾಳಾದ ದಾರಿ ಎಂದೇ ತಿಳಿದಿರುವ ಈ ನಾಡಿನ ಜನ ಇದನ್ನು ಆಲೋಚಿಸಬೇಕಾಗಿದೆ.

ಸಂಡೂರಿನ ಬೆಟ್ಟಗಳು

ನೀಲಗುಂದದ ಭೀಮೇಶ್ವರ ದೇಗುಲ ಕಲ್ಯಾಣ ಚಾಲುಕ್ಯರ ಕಾಲದ್ದು. ಇಲ್ಲಿಂದ ಕೊಟ್ಟೂರು, ಕೂಡ್ಲಿಗಿಗಳ ಮೂಲಕ ಈಶಾನ್ಯಕ್ಕೆ ಸುಮಾರು ನೂರು ಕಿಲೋಮೀಟರ್ ಸಾಗಿದರೆ ಸಂಡೂರಿನ ಬೆಟ್ಟಸಾಲು ಎದುರಾಗುತ್ತದೆ. ಈ ಸೀಮೆಗೆ ಹತ್ತಿರದಲ್ಲಿ ಗರಸಿನ ಸುತ್ತುದಾರಿಯ ಸವಾರಿಗೆ ಇದಕ್ಕಿಂತ ತಕ್ಕ ಬೆಟ್ಟಗಳಿಲ್ಲ. ಎರಡು ಬೆಟ್ಟಸಾಲುಗಳು ವಾಯವ್ಯದಿಂದ ಆಗ್ನೇಯಕ್ಕೆ ಜೊತೆಜೊತೆಯಾಗಿ ಹಬ್ಬಿ, ತುದಿಗಳಲ್ಲಿ ಕೂಡಿಕೊಂಡು, ನಡುವೆ ಉದ್ದನೆಯ ಒಳಬಯಲನ್ನು ಕೋಟೆಯಂತೆ ಸುತ್ತುವರಿದಿವೆ. 1949ರವರೆಗೆ ಇದೊಂದು ಪುಟ್ಟ ದೇಶೀಯ ಸಂಸ್ಥಾನವಾಗಿತ್ತು. ಈ ಕೋಟೆಗೆ ನಿಸರ್ಗವೇ ಇಟ್ಟ ಬಾಗಿಲುಗಳು ಕೆಲವೇ. ಓಬಳಗಂಡಿ ಮತ್ತು ಭೀಮಗಂಡಿ ಎಂಬ ಎರಡು ಇಕ್ಕಟ್ಟಾದ ಸಂದುಗಳನ್ನು ನಾರಿಹಳ್ಳವು ಬೆಟ್ಟವನ್ನು ಕೊರೆದು ಮಾಡಿಕೊಂಡಿದೆ. ಪೂರ್ವದ ಕಡೆ ಎತ್ತಿನಹಟ್ಟಿಯ ಕಣಿವೆಯಿದೆ. ಈ ಭಾಗದ ಆಡುಮಾತಿನಲ್ಲಿ ಬೆಟ್ಟಸಾಲನ್ನು ದಾಟಲು ಇರುವ ಸಂದಿಗೂ ಕಣಿವೆ ಎಂಬ ಹೆಸರೇ ಇದೆ. ಎತ್ತಿನ ಗಾಡಿಗಳು, ದನಗಾಹಿಗಳು, ಕುಮಾರಸ್ವಾಮಿಯ ದರ್ಶನಕ್ಕೆ ಹೊರಟ ಯಾತ್ರಿಕರು ಲಾರಿಗಳಿಗಿಂತ ಎಷ್ಟೋ ಮೊದಲೇ ಈ ಬೆಟ್ಟದಾರಿಗಳನ್ನು ತುಳಿದಿದ್ದಾರೆ.

ಎತ್ತರದ ಲೆಕ್ಕದಲ್ಲಿ ಇದು ಆಲ್ಪ್ಸ್ ಅಲ್ಲ. ಸಂಡೂರು ಪಟ್ಟಣ ಸಮುದ್ರಮಟ್ಟದಿಂದ ಸುಮಾರು 565 ಮೀಟರ್ ಎತ್ತರದಲ್ಲಿದೆ. ಬ್ರಿಟಿಷರು ಬಳ್ಳಾರಿಯ ದಂಡಿನ ಸೈನಿಕರ ಆರೋಗ್ಯಧಾಮವನ್ನಾಗಿ ಮಾಡಿಕೊಂಡಿದ್ದ ರಾಮಗಡ ಅಥವಾ ರಾಮನದುರ್ಗವು 3,256 ಅಡಿ, ಅಂದರೆ ಸುಮಾರು 992 ಮೀಟರ್ ಎತ್ತರದಲ್ಲಿದೆ. ಏರಬೇಕಾದುದು ಸುಮಾರು 427 ಮೀಟರ್. ದಾರಿಯು ನೂರು ಮೀಟರಿಗೆ ಏಳು ಮೀಟರಿನಂತೆ ಏರುವುದಾದರೆ ಇದಕ್ಕೆ ಆರು ಕಿಲೋಮೀಟರ್ ಬೇಕು. ಅಂಕಿ ಸಣ್ಣದಾಗಿ ಕಂಡರೂ ಸಡಿಲ ಗರಸಿನ ಮೇಲೆ, ಬಯಲುಸೀಮೆಯ ಬಿಸಿಲಿನಲ್ಲಿ, ಈ ಆರು ಕಿಲೋಮೀಟರ್ ಗಟ್ಟಿ ಸವಾರನನ್ನೂ ಪರೀಕ್ಷಿಸುತ್ತದೆ.

ಏರಿನ ಲೆಕ್ಕ, ಇಳಿಜಾರಿನ ಲೆಕ್ಕ

ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವಿದ್ದರೆ, ಆ ತೂಕವನ್ನು 427 ಮೀಟರ್ ಮೇಲೆತ್ತಲು ಸುಮಾರು 335 ಕಿಲೋಜೂಲ್ ಶಕ್ತಿ ಬೇಕು. ಸಡಿಲ ಗರಸು ಗಾಲಿಯನ್ನು ಹಿಡಿದೆಳೆಯುವುದರಿಂದ ಅದರ ಕಾಲುಭಾಗದಷ್ಟು ಹೆಚ್ಚುವರಿ ಶಕ್ತಿ ಬೇಕಾಗುತ್ತದೆ. ಮನುಷ್ಯದೇಹವು ತಿಂದ ಆಹಾರದ ಶಕ್ತಿಯಲ್ಲಿ ನಾಲ್ಕನೆಯ ಒಂದು ಭಾಗವನ್ನಷ್ಟೇ ಪೆಡಲಿಗೆ ಕೊಡಬಲ್ಲದು, ಉಳಿದುದು ಬೆವರು ಮತ್ತು ಬಿಸಿಯಾಗಿ ಹೋಗುತ್ತದೆ. ಇಷ್ಟನ್ನೂ ಲೆಕ್ಕ ಹಾಕಿದರೆ ಬೇಕಾಗುವುದು 400ರಿಂದ 450 ಕಿಲೋಕ್ಯಾಲೊರಿ, ಎಂದರೆ ಸುಮಾರು 120-130 ಗ್ರಾಂ ಜೋಳದ ಹಿಟ್ಟಿನಲ್ಲಿರುವ ಶಕ್ತಿ. ಎರಡು ಜೋಳದ ರೊಟ್ಟಿ ಒಬ್ಬ ಮನುಷ್ಯನನ್ನು ಸೈಕಲ್ ಸಮೇತ ಬೆಟ್ಟದ ನೆತ್ತಿಗೆ ಒಯ್ಯುತ್ತವೆ. ಈ ಹೊಲಗಳಲ್ಲಿ ಬೆಳೆಯುವ ಕಾಳಿನ ಬಲ ಎಂಥದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಳಿಜಾರಿನ ಲೆಕ್ಕ ಇನ್ನೂ ಮುಖ್ಯವಾದುದು. ಏರುವಾಗ ಗಳಿಸಿದ 335 ಕಿಲೋಜೂಲ್ ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕು. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಕಾಯಿಸಲು ಇಷ್ಟೇ ಶಾಖ ಸಾಕು. ಗಾಳಿ ಮತ್ತು ಗರಸು ಒಂದು ಪಾಲನ್ನು ಹೀರಿದರೂ ಉಳಿದುದೆಲ್ಲ ಬ್ರೇಕಿನ ಪಾಲು. ಸವೆದ ಬ್ರೇಕಿನ ರಬ್ಬರಿನೊಡನೆ ಬೆಟ್ಟ ಇಳಿಯುವುದು ಅಪಾಯಕ್ಕೆ ಆಹ್ವಾನ. ಜೊತೆಗೆ ಸಂಡೂರಿನ ಗರಸು ಸಾಮಾನ್ಯ ಗರಸಲ್ಲ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಿಂದಿನ ಈ ಧಾರವಾಡ ಶಿಲೆಗಳಲ್ಲಿ ಕಬ್ಬಿಣದ ಅದಿರು ಪದರಪದರವಾಗಿ ಕೂಡಿಕೊಂಡಿದೆ. ಸಾಮಾನ್ಯ ಕಗ್ಗಲ್ಲು ನೀರಿಗಿಂತ ಎರಡೂವರೆ ಪಟ್ಟಿಗೆ ತುಸು ಹೆಚ್ಚು ಭಾರವಿದ್ದರೆ ಶುದ್ಧ ಹೆಮಟೈಟ್ ಅದಿರು ಐದು ಪಟ್ಟು ಭಾರ. ನುಣುಪಾದ, ಭಾರವಾದ ಈ ಹರಳುಗಳು ಗಾಲಿಯಡಿ ಉರುಳುತ್ತವೆ. ತಿರುವಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿದರೆ ಸವಾರ ನೆಲಕ್ಕೆ ಬೀಳುವುದು ಖಚಿತ. ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಬೇಕು. ಟಯರಿನ ಗಾಳಿಯನ್ನು ತುಸು ಕಡಿಮೆ ಇಟ್ಟರೆ ಗಾಲಿ ನೆಲವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ತೀರ ಕಡಿಮೆಯಾದರೆ ಕಲ್ಲಿಗೆ ಬಡಿದು ಟ್ಯೂಬು ಕತ್ತರಿಸುತ್ತದೆ.

ಊರಿನ ಸಾಮಾನ್ಯ ಸೈಕಲ್ಲಿನಲ್ಲಿ ಒಂದು ಸುತ್ತು ಪೆಡಲ್ ತುಳಿದರೆ ಗಾಲಿ ಸುಮಾರು ಐದು ಮೀಟರ್ ಸಾಗುತ್ತದೆ. ಕಡಿದಾದ ಏರಿಗೆ ಇದು ತೀರ ಭಾರ. ಹೆಚ್ಚು ಹಲ್ಲಿನ ಹಿಂಚಕ್ರವೋ ಗೇರುಗಳೋ ಇಲ್ಲದವರು ಕಡಿದಾದ ಕಡೆ ಇಳಿದು ತಳ್ಳಿಕೊಂಡು ನಡೆಯಬೇಕು. ಜಗತ್ತಿನ ಶ್ರೇಷ್ಠ ಸವಾರರೇ ಹಾಗೆ ನಡೆದಿರುವಾಗ ಇದರಲ್ಲಿ ನಾಚಿಕೆಪಡುವುದೇನೂ ಇಲ್ಲ.

ದಾರಿಯೇ ಹಳ್ಳವಾಗುವ ಬಗೆ

ಮೋಟಾರಿನಲ್ಲಿ ಹೋಗುವವರಿಗೆ ದಾರಿಯೆಂದರೆ ಕಿಟಕಿಯಾಚೆ ಓಡುವ ಕೆಂಪು ಪಟ್ಟಿ. ಗಂಟೆಗೆ ಆರು ಕಿಲೋಮೀಟರ್ ವೇಗದಲ್ಲಿ ಏರುವ ಸೈಕಲ್ ಸವಾರನಿಗೆ ದಾರಿಯ ಪ್ರತಿ ಗೇಣೂ ಗೊತ್ತಾಗುತ್ತದೆ. ಎಲ್ಲಿ ನೀರು ದಾರಿಯ ಮೇಲೇ ಹರಿದು ಕೊರಕಲು ಬಿದ್ದಿದೆ, ಎಲ್ಲಿ ಚರಂಡಿ ಮುಚ್ಚಿದೆ, ಎಲ್ಲಿ ಮೋರಿಯ ಬಾಯಿ ಹೂಳಿನಿಂದ ತುಂಬಿದೆ ಎಂಬುದನ್ನು ಅವನ ಮೊಣಕಾಲುಗಳೇ ಹೇಳುತ್ತವೆ.

ನಾಲ್ಕು ಮೀಟರ್ ಅಗಲದ ದಾರಿಯೊಂದು ಒಂದು ಕಿಲೋಮೀಟರ್ ಉದ್ದಕ್ಕೆ 4,000 ಚದರ ಮೀಟರ್ ಜಾಗವನ್ನು ಆವರಿಸುತ್ತದೆ. ಅದರ ಮೇಲೆ 50 ಮಿಲಿಮೀಟರ್ ಮಳೆ ಸುರಿದು, ಗಟ್ಟಿಯಾದ ನೆಲದಲ್ಲಿ ಇಂಗದೆ ಹರಿದರೆ, ಆ ನೀರು ಎರಡು ಲಕ್ಷ ಲೀಟರ್ ಆಗುತ್ತದೆ. ಇಷ್ಟೂ ನೀರನ್ನು ಇಳಿಜಾರಿನುದ್ದಕ್ಕೂ ದಾರಿಯ ಮೇಲೇ ಓಡಬಿಟ್ಟರೆ ಅದರ ವೇಗ ಹೆಚ್ಚುತ್ತಾ ಹೋಗುತ್ತದೆ. ವೇಗ ಎರಡರಷ್ಟಾದರೆ ನೀರಿನ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಮೊದಲು ನುಣ್ಣನೆಯ ಮಣ್ಣು, ಬಳಿಕ ಮರಳು, ಕೊನೆಗೆ ಹರಳುಗಳೇ ಕೊಚ್ಚಿಹೋಗುತ್ತವೆ. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ದಾರಿ ಹಳ್ಳವಾಗುತ್ತದೆ. ಕೊಚ್ಚಿಹೋದ ಮಣ್ಣು ಕೆಳಗಿನ ಹೊಲದಲ್ಲೋ ಕೆರೆಯಲ್ಲೋ ಹೂಳಾಗಿ ಕೂರುತ್ತದೆ. ಬೆಟ್ಟದ ಮೇಲಿನವರು ದಾರಿ ಕಳೆದುಕೊಳ್ಳುತ್ತಾರೆ, ಬೆಟ್ಟದ ಕೆಳಗಿನವರು ಕೆರೆ ಕಳೆದುಕೊಳ್ಳುತ್ತಾರೆ. ನಾರಿಹಳ್ಳದ ನೀರು ಭೀಮಗಂಡಿಯನ್ನು ದಾಟಿ ದರೋಜಿಯ ಕೆರೆಯ ಕಡೆಗೆ ಹರಿಯುತ್ತದೆ ಎಂಬುದನ್ನು ನೆನೆದರೆ ಒಳಬಯಲಿನ ದಾರಿಗೂ ದೂರದ ಗದ್ದೆಗೂ ಇರುವ ನಂಟು ತಿಳಿಯುತ್ತದೆ.

ಇದಕ್ಕೆ ಪರಿಹಾರ ಸರಳವಾದುದು, ಹಳೆಯ ಗಾಡಿದಾರಿಯವರಿಗೂ ತಿಳಿದಿದ್ದುದು. ದಾರಿಯ ಮೇಲ್ಮೈಯನ್ನು ಹೊರಬದಿಗೆ ತುಸು ವಾಲಿಸಬೇಕು. ದಾರಿಗೆ ಓರೆಯಾಗಿ ಅಲ್ಲಲ್ಲಿ ಅಡ್ಡಗಾಲುವೆಯನ್ನೋ ತಗ್ಗು ದಿಣ್ಣೆಯನ್ನೋ ಮಾಡಿ ನೀರನ್ನು ಹೊರಗೆ ಬಿಡಬೇಕು. ನೂರಕ್ಕೆ ಐದರ ಇಳಿಜಾರಿನಲ್ಲಿ ಸುಮಾರು 40 ಮೀಟರಿಗೊಂದು, ನೂರಕ್ಕೆ ಹತ್ತರ ಇಳಿಜಾರಿನಲ್ಲಿ ಸುಮಾರು 25 ಮೀಟರಿಗೊಂದು ಇದ್ದರೆ ಸಾಕು. ಸಡಿಲ ಮಣ್ಣಿದ್ದಲ್ಲಿ ಇನ್ನೂ ಹತ್ತಿರವಿರಬೇಕು. 40 ಮೀಟರಿಗೊಂದರಂತೆ ಇಟ್ಟರೆ ಮೇಲೆ ಹೇಳಿದ ಎರಡು ಲಕ್ಷ ಲೀಟರ್ ನೀರು 25 ಕಡೆ ಹಂಚಿಹೋಗಿ, ಒಂದೊಂದು ಕಡೆ ಎಂಟು ಸಾವಿರ ಲೀಟರ್ ಮಾತ್ರ ಹೊರಬೀಳುತ್ತದೆ. ಅದನ್ನು ಹುಲ್ಲು ಮತ್ತು ಪೊದೆ ತಡೆದು ಇಂಗಿಸಬಲ್ಲವು. ನೀರು ಹೊರಬೀಳುವಲ್ಲಿ ಲಾವಂಚದ ಸಾಲು ನೆಟ್ಟರೆ ಮಣ್ಣು ಬಿಗಿಯಾಗಿ ನಿಲ್ಲುತ್ತದೆ. ಬಳ್ಳಾರಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಕೇಂದ್ರ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರವು ಈ ಸೀಮೆಯ ಹೊಲಗಳಿಗೆ ಬದು, ಒಡ್ಡುಗಳ ಶಾಸ್ತ್ರವನ್ನು ಕಲಿಸಿತು. ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ಇಂಗಿಸಬೇಕು ಎಂಬ ಆ ಶಾಸ್ತ್ರವೇ ಬೆಟ್ಟದ ದಾರಿಗೂ ಸಲ್ಲುತ್ತದೆ.

ಇದೇ ದಾರಿಯನ್ನು ಹತ್ತು ಮೀಟರ್ ಅಗಲಕ್ಕೆ ಹಿಗ್ಗಿಸಿದರೆ ಅದೇ ಮಳೆಗೆ ಕಿಲೋಮೀಟರಿಗೆ ಐದು ಲಕ್ಷ ಲೀಟರ್ ನೀರು ಹರಿಯುತ್ತದೆ. ಜೊತೆಗೆ ಬೆಟ್ಟದ ಬದಿಯನ್ನು ಕಡಿದು ನೆಟ್ಟಗೆ ನಿಲ್ಲಿಸಬೇಕಾಗುತ್ತದೆ. ಕಡಿದ ಮಣ್ಣನ್ನು ಇಳಿಜಾರಿಗೆ ಸುರಿಯಲಾಗುತ್ತದೆ. ಅಲ್ಲಿಂದ ಮುಂದೆ ದಾರಿಯ ರಕ್ಷಣೆ ಹಳ್ಳಿಗರ ಗುದ್ದಲಿ, ಬುಟ್ಟಿಗಳ ಶಕ್ತಿಯನ್ನು ಮೀರಿದ ಕೆಲಸವಾಗುತ್ತದೆ.

ಲಾರಿಯ ದಾರಿಯೂ ಜನರ ದಾರಿಯೂ

ಸಂಡೂರಿನ ದಾರಿಗಳ ಮಾತನ್ನು ಗಣಿಯ ಮಾತಿಲ್ಲದೆ ಮುಗಿಸಲಾಗದು. ಅಕ್ರಮ ಗಣಿಗಾರಿಕೆಯ ಕುರಿತು ಲೋಕಾಯುಕ್ತರ ಅಂತಿಮ ವರದಿ 2011ರ ಜುಲೈನಲ್ಲಿ ಸಲ್ಲಿಕೆಯಾಯಿತು. ಅದೇ ತಿಂಗಳ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರ ಏಪ್ರಿಲ್ 18ರ ತೀರ್ಪಿನಿಂದ ತೀವ್ರ ಅಕ್ರಮ ಕಂಡುಬಂದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಉಳಿದ ಗಣಿಗಳಿಗೆ ಪುನಶ್ಚೇತನದ ಷರತ್ತುಗಳೂ ಉತ್ಪಾದನೆಯ ಮಿತಿಯೂ ಬಂದವು. 2022ರಲ್ಲಿ ಬಳ್ಳಾರಿಯ ಮಿತಿಯನ್ನು ವರ್ಷಕ್ಕೆ 350 ಲಕ್ಷ ಟನ್ನಿಗೆ ಏರಿಸಲಾಯಿತು. ಲಾರಿಯೊಂದಕ್ಕೆ 25 ಟನ್ನಿನಂತೆ ಲೆಕ್ಕ ಹಾಕಿದರೆ ಇದು 14 ಲಕ್ಷ ಲೋಡು, ದಿನಕ್ಕೆ ಸುಮಾರು 3,800. ಖಾಲಿ ಮರಳುವ ಲಾರಿಗಳನ್ನು ಸೇರಿಸಿದರೆ ಅದರ ಎರಡರಷ್ಟು. ಸ್ವಲ್ಪ ಅದಿರನ್ನು ರೈಲೂ ಕನ್ವೇಯರ್ ಪಟ್ಟಿಯೂ ಒಯ್ಯುತ್ತವೆ ಎಂದಿಟ್ಟುಕೊಂಡರೂ, ಉಳಿದ ಲಾರಿಗಳ ನಡುವೆ ಶಾಲೆಯ ಮಗುವೊಂದು ಸೈಕಲ್ ತುಳಿಯುವ ಸ್ಥಿತಿಯನ್ನು ಊಹಿಸಬಹುದು. ದೇವದಾರಿ ಬೆಟ್ಟದ ಸುಮಾರು 400 ಹೆಕ್ಟೇರ್ ಅರಣ್ಯದಲ್ಲಿ ಗಣಿ ತೆರೆಯುವ ಪ್ರಸ್ತಾವ 2024ರಲ್ಲಿ ನಾಡಿನಾದ್ಯಂತ ಚರ್ಚೆಗೆ ಬಂದುದನ್ನೂ ಇದರೊಡನೆ ನೆನೆಯಬೇಕು.

ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದೇ 2014ರಲ್ಲಿ ರಾಜ್ಯ ಸರ್ಕಾರದ ನಿಗಮವೊಂದು ಸ್ಥಾಪನೆಯಾಯಿತು. ಅದರ ಹಣದ ಬಳಕೆಯ ಮೇಲ್ವಿಚಾರಣೆಗೆ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ನೇಮಿಸಿತು. ಈ ಹಣದಲ್ಲಿ ರಸ್ತೆಗಳಿಗೂ ಪಾಲಿದೆ. ಆ ರಸ್ತೆ ಯಾರ ರಸ್ತೆ ಎಂಬುದೇ ಮುಖ್ಯವಾದ ಪ್ರಶ್ನೆ. ಅದಿರಿನ ಲಾರಿಗೆ ತಕ್ಕಂತೆ ಅಗಲವಾದ ರಸ್ತೆಯನ್ನು ಮಾಡಿ ಅದನ್ನೇ ಊರಿನ ರಸ್ತೆಯೆಂದು ಕರೆದರೆ ಊರಿನವರಿಗೆ ಉಳಿಯುವುದು ಧೂಳು ಮತ್ತು ಅಪಘಾತ. ಅದಿರಿನ ದಾರಿ ಬೇರೆಯಾಗಬೇಕು. ಊರಿನಿಂದ ಶಾಲೆಗೆ, ತಾಂಡಾದಿಂದ ಸಂತೆಗೆ, ಒಳಬಯಲಿನಿಂದ ಕಣಿವೆಗೆ ಹೋಗುವ ಕಿರಿದಾದ ಗರಸಿನ ದಾರಿಗಳು ಅಡ್ಡಗಾಲುವೆಗಳೊಡನೆ ಸುಸ್ಥಿತಿಯಲ್ಲಿ ಉಳಿಯಬೇಕು. ಸೈಕಲ್ಲಿಗೆ ಹಿತವಾದ ದಾರಿ ಎತ್ತಿನ ಗಾಡಿಗೂ ಹಿತ, ಹೊರೆ ಹೊತ್ತ ಹೆಂಗಸರಿಗೂ ಹಿತ, ಬೆಟ್ಟದ ಮಣ್ಣಿಗೂ ಹಿತ.

ಡಾಂಬರು ಬೇಡವೆಂಬುದು ಈ ಮಾತಿನ ಅರ್ಥವಲ್ಲ. ಆಸ್ಪತ್ರೆಗೆ, ಬಸ್ಸಿಗೆ, ಪಟ್ಟಣಕ್ಕೆ ಹೋಗುವ ಮುಖ್ಯ ರಸ್ತೆ ಪ್ರತಿ ಊರಿಗೂ ಬೇಕು, ಅದು ಸರ್ವಋತು ರಸ್ತೆಯಾಗಿರಬೇಕು. ಗರ್ಭಿಣಿಯನ್ನು ಗರಸಿನ ದಾರಿಯಲ್ಲಿ ಒಯ್ಯಬೇಕೆಂದು ಯಾರೂ ಹೇಳಲಾರರು. ಆದರೆ ಪ್ರತಿ ಕಾಲುದಾರಿಯನ್ನೂ ಲಾರಿದಾರಿಯನ್ನಾಗಿ ಮಾಡುವುದು ಅಭಿವೃದ್ಧಿಯಲ್ಲ.

ಸವಾರಿಗೆ ಮುನ್ನ

ಈ ಸುತ್ತನ್ನು ಕೈಗೊಳ್ಳಲು ಬಯಸುವ ವಿದ್ಯಾರ್ಥಿಗಳಿಗೆ ಕೆಲವು ಸೂಚನೆಗಳು. ಮುಂಗಾರಿನ ಅಬ್ಬರ ತಗ್ಗಿ ಬೆಟ್ಟ ಹಸಿರಾಗಿರುವ ಸೆಪ್ಟೆಂಬರಿನಿಂದ ಜನವರಿಯವರೆಗಿನ ಕಾಲ ತಕ್ಕುದು. ಬೇಸಿಗೆಯ ಸವಾರಿ ಸಲ್ಲದು. ಕಾಯ್ದಿಟ್ಟ ಅರಣ್ಯವನ್ನು ಪ್ರವೇಶಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗಣಿಗಳ ಒಳದಾರಿಗಳಿಗೆ ಕಾಲಿಡಬಾರದು. ಇವು ಕರಡಿ, ಚಿರತೆಗಳಿರುವ ಬೆಟ್ಟಗಳು. ಕರಡಿಗಳು ನಸುಕಿನಲ್ಲೂ ಸಂಜೆಗತ್ತಲಲ್ಲೂ ಹೆಚ್ಚಾಗಿ ಓಡಾಡುವುದರಿಂದ ಬೆಳಕು ಹರಿದ ಮೇಲೆ ಹೊರಟು, ಕತ್ತಲಾಗುವ ಮೊದಲು ಊರು ಸೇರಬೇಕು. ಒಬ್ಬರೇ ಹೋಗಬಾರದು. ನಾಲ್ವರಾದರೂ ಇರಬೇಕು, ಅವರಲ್ಲಿ ದಾರಿ ಬಲ್ಲ ಊರಿನವರೊಬ್ಬರು ಇದ್ದರೆ ಇನ್ನೂ ಒಳ್ಳೆಯದು. ತಲೆಗೆ ಹೆಲ್ಮೆಟ್, ತಲಾ ಮೂರು ಲೀಟರ್ ನೀರು, ರೊಟ್ಟಿ, ಶೇಂಗಾ, ಬೆಲ್ಲ, ಪಂಕ್ಚರ್ ಸಾಮಾನು, ಪಂಪು, ಹೆಚ್ಚುವರಿ ಟ್ಯೂಬು, ಬ್ರೇಕಿನ ರಬ್ಬರು ಮತ್ತು ತಂತಿ ಜೊತೆಗಿರಬೇಕು. ತಂದ ಪ್ಲಾಸ್ಟಿಕ್ ಎಲ್ಲವೂ ಮರಳಿ ಚೀಲ ಸೇರಬೇಕು.

ಇವೆಲ್ಲದರ ಜೊತೆ ಒಂದು ನೋಟುಬುಕ್ಕೂ ಪೆನ್ಸಿಲ್ಲೂ ಇರಬೇಕು. ಪ್ರತಿ ಕಿಲೋಮೀಟರಿಗೆ ಒಮ್ಮೆ ನಿಂತು ಐದು ಸಂಗತಿಗಳನ್ನು ಬರೆಯಬೇಕು: ದಾರಿಯ ಅಗಲ, ಕೊರಕಲಿದ್ದರೆ ಅದರ ಆಳ, ಕೆಲಸ ಮಾಡುವ ಮೋರಿಗಳೆಷ್ಟು, ಮುಚ್ಚಿದವೆಷ್ಟು, ಅಕ್ಕಪಕ್ಕದ ಎಲೆಗಳ ಮೇಲೆ ಅದಿರಿನ ಧೂಳಿದೆಯೇ, ಹತ್ತಿರದಲ್ಲಿ ಹರಿಯುವ ಇಲ್ಲವೇ ಬತ್ತಿದ ಹಳ್ಳವಿದೆಯೇ. ತೇಗ, ದಿಂಡಿಗ, ಶ್ರೀಗಂಧದಂಥ ಗುರುತು ಹಿಡಿಯಬಲ್ಲ ಮರಗಳ ಹೆಸರನ್ನೂ ಸೇರಿಸಬಹುದು. ಕೊರಕಲಿನ ಆಳವನ್ನು ಅಳೆಯಲು ಒಂದು ಕೋಲೂ ಅಳತೆಯ ಪಟ್ಟಿಯೂ ಸಾಕು. ಮರುವರ್ಷ ಅದೇ ತಿಂಗಳಲ್ಲಿ ಅದೇ ದಾರಿಯಲ್ಲಿ ಹೋಗಿ ಅದೇ ಜಾಗಗಳಲ್ಲಿ ಮತ್ತೆ ಅಳೆಯಬೇಕು. ಎರಡು ವರ್ಷಗಳ ಅಂಕಿಗಳು ಎದುರುಬದುರಾಗಿ ನಿಂತಾಗ ದಾರಿ ಉಳಿಯುತ್ತಿದೆಯೋ ಅಳಿಯುತ್ತಿದೆಯೋ ಎಂಬುದಕ್ಕೆ ಯಾರೂ ಅಲ್ಲಗಳೆಯಲಾಗದ ಆಧಾರ ದೊರೆಯುತ್ತದೆ.

ಆ ಅಂಕಿಗಳನ್ನು ಹಾಳೆಯೊಂದರಲ್ಲಿ ಬರೆದು ಗ್ರಾಮಸಭೆಯಲ್ಲಿ ಓದಬೇಕು, ಠರಾವಿನಲ್ಲಿ ಸೇರಿಸಬೇಕು. ಇಂಥ ಕಿಲೋಮೀಟರಿನಲ್ಲಿ ಮೋರಿ ಮುಚ್ಚಿದೆ, ಇಂಥಲ್ಲಿ ಅಡ್ಡಗಾಲುವೆ ಬೇಕು, ಇಂಥ ದಾರಿಯನ್ನು ಅಗಲ ಮಾಡುವುದು ಬೇಡ ಎಂದು ಹಳ್ಳಿಯೊಂದು ಅಳತೆ ಸಮೇತ ಕೇಳಿದಾಗ ಇಲಾಖೆಯೂ ಅಳತೆ ಸಮೇತವೇ ಉತ್ತರಿಸಬೇಕಾಗುತ್ತದೆ. ಈ ಕೆಲಸವನ್ನು ಸಂಡೂರಿನ ಸವಾರಿಗಾಗಿ ಕಾಯಬೇಕಾಗಿಯೂ ಇಲ್ಲ. ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ತಾಲ್ಲೂಕುಗಳ ಗುಡ್ಡದ ಬದಿಯ ದಾರಿಗಳಲ್ಲಿ ಬರುವ ಭಾನುವಾರವೇ ಆರಂಭಿಸಬಹುದು. ಅಲ್ಲಿ ಕಾಲು ಪಳಗಿ, ಅಳತೆ ಕೈಗೆ ಕೂಡಿದ ಮೇಲೆ ಸಂಡೂರಿನ ಕಣಿವೆಯತ್ತ ಹೊರಡಬಹುದು.